ಕಾರಿನ ಬಾಗಿಲಿಗೆ ಪಪ್ಪ ಹೊಡೆದ ಬಣ್ಣ

ನಾವಿದ್ದ ಮನೆಗೂ ಡಾಕ್ಟರರ ಕಾರಿನ ಶೆಡ್ಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆಯ ಆಚೆ ಕಾರು ಮಲಗುತ್ತಿತ್ತು, ಈಚೆ ನಾವು ಮಲಗುತ್ತಿದ್ದೆವು. ಮಣಿಪಾಲದ ಆ ದೊಡ್ಡ ಬಂಗಲೆಯ ಹಿಂದುಗಡೆ ಡ್ರೈವರನಿಗೆಂದೇ ಕಟ್ಟಿಸಿದ ಎರಡು ಕೋಣೆಗಳು ಅವು. ಮೊದಲನೆಯದರಲ್ಲಿ ಒಂದು ಮಂಚ, ಯೇಸುವಿನ ಪಟ, ಅದರ ಕೆಳಗೆ ಮೇಣದಬತ್ತಿ ಇಡುವ ಹಲಗೆ, ಮೂಲೆಯಲ್ಲಿ ನಮ್ಮ ಚಾಪೆಗಳು. ಎರಡನೆಯದರಲ್ಲಿ ಒಲೆ, ಅರೆಯುವ ಕಲ್ಲು, ಮೀನು ಬೇಯಿಸುವ ಮಣ್ಣಿನ ಪಾತ್ರೆ. ಅಡುಗೆ ಕೋಣೆಯ ಗೋಡೆಯೇ ಶೆಡ್ಡಿನ ಗೋಡೆಯೂ ಆದ್ದರಿಂದ ಮಾಂಯ್ ಎಷ್ಟು ಕೊತ್ತಂಬರಿ ಹುರಿದರೂ ಅದರ ಹಿಂದಿನಿಂದ ಪೆಟ್ರೋಲಿನ ವಾಸನೆ ಬಂದೇ ಬರುತ್ತಿತ್ತು. ನಿನ್ನ ಬುತ್ತಿಗೆ ಬಸ್‌ಸ್ಟ್ಯಾಂಡಿನ ವಾಸನೆ ಎಂದು ಶಾಲೆಯಲ್ಲಿ ಪಕ್ಕದಲ್ಲಿ ಕೂರುವ ಹುಡುಗಿ ಮೂಗು ಮುಚ್ಚಿಕೊಂಡಿದ್ದಳು. ನನಗೆ ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಕಾರು ನಮ್ಮದಲ್ಲವೆಂದು ಗೊತ್ತಿದ್ದರೂ, ಗೋಡೆಯಾಚೆ ಕಟ್ಟಿದ್ದು ನಮ್ಮದೇ ಮನೆಯ ದನ ಎನ್ನುವ ಹಾಗೆ ನಾನೂ ತಮ್ಮ ವಿಲ್ಲಿಯೂ ಬೆಳೆದೆವು. ಅನ್ನ ಕೊಡುವುದು ಅದೇ ಎಂದು ಮಾಂಯ್ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಆ ಮಾತು ಎಷ್ಟು ನಿಜವೆಂದು ಆಗ ನಮಗೆ ತಿಳಿದಿರಲಿಲ್ಲ.

ಮಾಂಯ್ ಎಂದರೆ ನಮ್ಮ ಕೊಂಕಣಿಯಲ್ಲಿ ಅಮ್ಮ. ಅಪ್ಪನನ್ನು ಪಪ್ಪ ಎನ್ನುತ್ತಿದ್ದೆವು. ಊರಿಗೆ ಅವರು ಡ್ರೈವರ್ ಲಾರೆನ್ಸ್. ಶಾಲೆಗೆ ಹೋದದ್ದು ಮೂರೋ ನಾಲ್ಕೋ ವರ್ಷ. ಅಂಕಿ ಚೆನ್ನಾಗಿ ಬರುತ್ತಿತ್ತು, ಅಕ್ಷರದ ತಂಟೆಗೆ ಅಷ್ಟಾಗಿ ಹೋಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಶಿಲುಬೆಯ ಗುರುತು ಹಾಕಿಕೊಂಡು, ಗಂಜಿ ಕುಡಿಯುವ ಮೊದಲೇ ಕಾರು ತೊಳೆಯುವರು. ಅದೊಂದು ಫಿಯೆಟ್, ಎಳೆ ಬಾಳೆಎಲೆಯ ಹಿಂಬದಿಯಂಥ ತಿಳಿಹಸಿರು. ಪಿಸ್ತಾ ಬಣ್ಣ ಎನ್ನುತ್ತಿದ್ದರು ಡಾಕ್ಟರರ ಹೆಂಡತಿ. ಪಿಸ್ತಾ ಎಂದರೇನೆಂದು ನಾವು ಕಂಡವರಲ್ಲ. ಪಪ್ಪನ ಕೈಯಲ್ಲಿ ಆ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮೈಸೂರು ಕಡೆಯಿಂದ ಬಂದ ಡಾಕ್ಟರರು ಅತಿಥಿಗಳ ಮುಂದೆ, ನಮ್ಮ ಲಾರೆನ್ಸ್ ಓಡಿಸಿದರೆ ಮಗು ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗಬಹುದು ಎಂದಿದ್ದರಂತೆ. ಆ ಮಾತನ್ನು ಪಪ್ಪ ಊಟಕ್ಕೆ ಕೂತಾಗ ನಮಗೆ ಎಷ್ಟು ಸಲ ಹೇಳಿರಬಹುದೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ಒಂದು ತುತ್ತು ಹೆಚ್ಚು ಉಣ್ಣುವರು.

ಪಪ್ಪನ ವಿಷಯದಲ್ಲಿ ಮನೆಯಲ್ಲಿ ಒಂದು ತಮಾಷೆ ಇತ್ತು: ಅವರಿಗೆ ಬಣ್ಣಗಳ ಹೆಸರು ಬರುವುದಿಲ್ಲ. ಹಿತ್ತಲ ಗಿಡದಿಂದ ಹಣ್ಣುಮೆಣಸು ಕೊಯ್ದು ತನ್ನಿ ಎಂದರೆ ಕಾಯಿಮೆಣಸನ್ನೂ ಸೇರಿಸಿ ಬುಟ್ಟಿ ತುಂಬಿಸುವರು. ಸಂತೆಯಲ್ಲಿ ಟೊಮೆಟೊವನ್ನು ಒತ್ತಿ ಒತ್ತಿ ನೋಡಿ ಆರಿಸುವರು, ಅಂಗಡಿಯವನು ಬೈಯುವನು. ನಾವು ನಕ್ಕರೆ ಪಪ್ಪನೂ ನಗುತ್ತಿದ್ದರು. ತುಳುವಿನಲ್ಲಿ ಪಚ್ಚೆ, ಕನ್ನಡದಲ್ಲಿ ಹಸಿರು, ನಮ್ಮದರಲ್ಲಿ ಪಾಚ್ವೊ. ಡಾಕ್ಟರರ ಮನೆಗೆ ಹೋದರೆ ಪಿಸ್ತಾ. ಮೂರು ಭಾಷೆಯಲ್ಲಿ ಗಾಡಿ ಬಿಡುವವನು ಯಾವುದನ್ನು ನೆನಪಿಟ್ಟುಕೊಳ್ಳುವುದು ಎನ್ನುವರು. ನಮ್ಮ ಕಡೆ ಯಾರೂ ಇದನ್ನು ಸಂಶಯದಿಂದ ನೋಡುವ ಹಾಗಿಲ್ಲ. ಎಲ್ಲರೂ ಮನೆಯಲ್ಲಿ ಒಂದು, ಬಸ್ಸಿನಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಮಾತಾಡುವವರು. ಒಂದು ಶಬ್ದ ತಪ್ಪಿದರೆ ಭಾಷೆಯ ಮೇಲೆ ಹಾಕಿ ಮುಂದೆ ಹೋಗುತ್ತೇವೆ. ಪಪ್ಪನೂ ಅದನ್ನೇ ನಂಬಿದ್ದರು. ತನಗೆ ಹೆಸರು ಬರುವುದಿಲ್ಲ ಅಷ್ಟೇ, ಕಾಣುವುದು ಎಲ್ಲರಿಗೂ ಕಂಡದ್ದೇ ಎಂದು.

ಮಾಂಯ್ ಮಾತ್ರ ಆ ತಮಾಷೆಗೆ ನಗುತ್ತಿರಲಿಲ್ಲ. ಪಪ್ಪನಿಗೆ ಬಿಳಿ ಅಂಗಿ, ಖಾಕಿ ಪ್ಯಾಂಟು ಬಿಟ್ಟು ಬೇರೆ ಬಟ್ಟೆ ತರಲು ಅವಳು ಬಿಡುತ್ತಿರಲಿಲ್ಲ. ಒಂದು ಕ್ರಿಸ್ಮಸ್ಸಿಗೆ ಅವಳು ಹಸಿರು ಸೀರೆ ಬೇಕೆಂದು ಆಸೆಪಟ್ಟಿದ್ದಳು. ಪಪ್ಪ ಉಡುಪಿಗೆ ಒಬ್ಬರೇ ಹೋಗಿ ಮಣ್ಣಿನ ಬಣ್ಣದ್ದೊಂದನ್ನು ತಂದು, ನೋಡು, ನೀನು ಹೇಳಿದ್ದೇ ಸಿಕ್ಕಿತು ಎಂದು ಬಿಡಿಸಿ ತೋರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಮಾಂಯ್ ನನ್ನ ತೊಡೆ ಚಿವುಟಿದಳು. ಇದೇ ಬೇಕಿತ್ತು ಎಂದಳು. ಅದನ್ನೇ ಉಟ್ಟು ಪೂಜೆಗೆ ಬಂದಳು, ಹಬ್ಬದ ದಿನವೂ ಒಲೆಯ ಮುಂದಿನ ಸೀರೆಯಾ ಎಂದು ಕೇಳಿದ ಹೆಂಗಸರಿಗೆ ನಕ್ಕು ತೋರಿಸಿದಳು. ನಾನು ಆಗ ಅದನ್ನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೂ ಹೌದು. ಆದರೆ ಅದರೊಳಗೆ ಎಷ್ಟು ಹೆದರಿಕೆ ಇತ್ತೆಂಬುದು ತಿಳಿಯಲು ಇನ್ನೂ ಒಂದು ಬೇಸಿಗೆ ಬೇಕಾಯಿತು.

ಆ ಬೇಸಿಗೆಯ ರಜೆಯಲ್ಲಿ ಡಾಕ್ಟರರ ಕುಟುಂಬ ಮೈಸೂರಿಗೆ ಹೊರಟಿತು. ಮಾಂಯ್, ನಾನು, ವಿಲ್ಲಿ ಮೂವರೂ ಕಾಪುವಿನ ಅಜ್ಜಿಯ ಮನೆಗೆ ಹೋಗಿದ್ದೆವು. ಪಪ್ಪ ಡಾಕ್ಟರರ ಮನೆಯವರನ್ನು ಮಂಗಳೂರಿನಲ್ಲಿ ಮೈಸೂರಿನ ಬಸ್ಸು ಹತ್ತಿಸಿ ಖಾಲಿ ಕಾರಿನಲ್ಲಿ ವಾಪಸು ಬರುವಾಗ, ಕಾಪುವಿನ ಹತ್ತಿರವೇ ಎದುರಿನಿಂದ ಎರಡು ಬಸ್ಸುಗಳು ಒಂದರ ಹಿಂದೆ ಒಂದು ಪೈಪೋಟಿಯಲ್ಲಿ ಬಂದವು. ಹಿಂದಿನದು ಮುಂದಿನದನ್ನು ದಾಟಲು ಹೋಗಿ ಪಪ್ಪನ ಮೇಲೆಯೇ ಬಂತು. ಪಪ್ಪ ಎಡಕ್ಕೆ ಎಳೆದರು. ಜೀವ ಉಳಿಯಿತು, ಎಡಗಡೆಯ ಹಿಂದಿನ ಬಾಗಿಲು ಯಾರದೋ ಕಾಂಪೌಂಡಿನ ಕೆಂಪುಕಲ್ಲಿಗೆ ಉಜ್ಜಿತು. ಬಾಗಿಲು ಒಳಕ್ಕೆ ಹೋಗಿ, ಬಣ್ಣ ಕಿತ್ತು, ತಗಡು ಕಾಣುತ್ತಿತ್ತಂತೆ. ಡಾಕ್ಟರರಿಗೆ ಹೇಳಿದ್ದರೆ ಅವರು ಏನೂ ಅನ್ನುತ್ತಿರಲಿಲ್ಲ. ಇದನ್ನು ನಾನು ಇವತ್ತಿಗೂ ನಂಬುತ್ತೇನೆ. ಆದರೆ ಒಂದು ಗೀರಿಲ್ಲದ ಡ್ರೈವರ್ ಎನ್ನಿಸಿಕೊಂಡ ಮನುಷ್ಯನಿಗೆ ಆ ಒಂದು ಗೀರನ್ನು ತೋರಿಸುವುದು ಸುಲಭವಿರಲಿಲ್ಲ.

ಉಡುಪಿಯ ಗ್ಯಾರೇಜಿನ ಮೇಸ್ತ್ರಿ ಬಾಗಿಲಿನ ಮೇಲೆ ಕೈಯಾಡಿಸಿ, ಟಿಂಕರಿಂಗ್ ಮಾಡಿ, ಒಳಗಿನಿಂದ ತಟ್ಟಿ ತಗ್ಗು ಎತ್ತಿಬಿಡುತ್ತೇನೆ, ಅದು ದೊಡ್ಡದಲ್ಲ ಎಂದನಂತೆ. ದೊಡ್ಡದು ಬಣ್ಣ. ಒಂದೇ ಬಾಗಿಲಿಗೆ ಹೊಡೆದರೆ ಕೂಡುವುದಿಲ್ಲ, ಹಳೆಯ ಬಣ್ಣ ಬಿಸಿಲಿಗೆ ಮಾಸಿದೆ, ಹೊಸದು ಎದ್ದು ಕಾಣುತ್ತದೆ, ಆ ಬದಿಯನ್ನೇ ಇಡೀ ಹೊಡೆಯಬೇಕು ಎಂದ. ಅವನು ಹೇಳಿದ ಖರ್ಚು ಪಪ್ಪನ ತಿಂಗಳ ಸಂಬಳವನ್ನು ದಾಟುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಎಂದು ಪಪ್ಪ ತಗಡನ್ನು ಮಾತ್ರ ಎತ್ತಿಸಿಕೊಂಡು ಬಂದರು. ಬಣ್ಣ ತಾನೇ ಹೊಡೆಯುವುದೆಂದು ತೀರ್ಮಾನಿಸಿದರು. ಅದರಲ್ಲಿ ಅವರು ಅವಸರ ಮಾಡಲಿಲ್ಲ. ಪುಟ್ಟಿ ಹಚ್ಚಿ, ಒಣಗಿಸಿ, ನೀರು ಹಾಕಿ ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿದರು. ಬಣ್ಣದಂಗಡಿಯಿಂದ ಚೌಕ ಚೌಕ ಬಣ್ಣಗಳ ಕಾರ್ಡು ಕೇಳಿ ತಂದು, ಬಿಸಿಲಿನಲ್ಲಿ ಕಾರಿನ ಮೈಗೆ ಒಂದೊಂದನ್ನೇ ಹಿಡಿದು ನೋಡಿದರು. ಹೆಸರಿನ ಗೊಡವೆ ತನಗೆ ಬೇಡವೆಂದು, ಸರಿ ಕಂಡ ಚೌಕದ ಕೆಳಗಿನ ನಂಬರನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಆ ನಂಬರಿನದೇ ಡಬ್ಬಿ ತಂದರು. ಅಂಗಡಿಯವನು ಕಾರನ್ನು ಕಂಡವನಲ್ಲ, ಕೇಳಿದ್ದನ್ನು ಕೊಟ್ಟ. ಸ್ಪ್ರೇ ಮೆಷಿನ್ನಿಗೆ ಬದಲು ಮನೆಯಲ್ಲಿದ್ದ ತಿಗಣೆ ಮದ್ದಿನ ಕೈಪಂಪನ್ನು ಥಿನ್ನರಿನಲ್ಲಿ ತೊಳೆದು ಅದರಲ್ಲೇ ಹೊಡೆದರು. ಶೆಡ್ಡಿನ ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ ಧೂಳು ತಡೆದರು. ಇಷ್ಟನ್ನೂ ಒಬ್ಬರೇ ಮಾಡಿದರು. ಸುತ್ತ ಯಾರೂ ಇರಲಿಲ್ಲ. ನಮ್ಮಲ್ಲಿ ಒಬ್ಬರಾದರೂ ಮನೆಯಲ್ಲಿದ್ದಿದ್ದರೆ ಎಂದು ಯೋಚಿಸುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು.

ಒಂದು ಭಾನುವಾರ ಪೂಜೆ ಮುಗಿದ ಮೇಲೆ ಪಪ್ಪ ನಮ್ಮನ್ನು ಕರೆದೊಯ್ಯಲು ಕಾಪುವಿಗೆ ಬಂದರು. ಕಾರಿನಲ್ಲೇ ಬಂದರು, ಎಂದೂ ಹಾಗೆ ಬಂದವರಲ್ಲ. ಅಜ್ಜಿಯ ಅಂಗಳದಲ್ಲಿ ಎಡಗಡೆ ನಮಗೆ ಕಾಣುವ ಹಾಗೆ ಬೇಕೆಂದೇ ತಿರುಗಿಸಿ ನಿಲ್ಲಿಸಿದರು. ಇಳಿದು, ನಡೆದದ್ದನ್ನೆಲ್ಲ ಉಸಿರು ಬಿಡದೆ ಹೇಳಿದರು: ಬಸ್ಸು, ಕಲ್ಲು, ಮೇಸ್ತ್ರಿ, ಪಂಪು. ಕೊನೆಗೆ ಎರಡೂ ಕೈ ಸೊಂಟಕ್ಕೆ ಕೊಟ್ಟು ನಿಂತು ಕೇಳಿದರು:

“ಈಗ ಹೇಳಿ ನೋಡುವ, ತಾಗಿದ್ದು ಎಲ್ಲಿ?”

ಬಾಗಿಲು ಹಾಲು ಹೆಚ್ಚಾದ ಚಹಾದ ಬಣ್ಣದ್ದಾಗಿತ್ತು. ತಿಳಿಹಸಿರು ಕಾರಿನ ನಡುವೆ ಆ ಒಂದು ಬಾಗಿಲು, ಬೇರೆ ಮನೆಯಿಂದ ಕಿತ್ತು ತಂದು ಜೋಡಿಸಿದ ಹಾಗೆ. ಕೆಲಸ ಮಾತ್ರ ಎಷ್ಟು ನಯವಾಗಿತ್ತೆಂದರೆ ಒಂದು ಹನಿ ಇಳಿದ ಗುರುತಿಲ್ಲ, ಒಂದು ಧೂಳಿನ ಕಣವಿಲ್ಲ, ಅಜ್ಜಿಯ ತೆಂಗಿನಮರಗಳು ಅದರಲ್ಲಿ ಕಾಣುತ್ತಿದ್ದವು. ವಿಲ್ಲಿ, ಐದು ವರ್ಷದವನು, ನೇರವಾಗಿ ಹೋಗಿ ಬಾಗಿಲಿನ ಮೇಲೆ ಕೈಯಿಟ್ಟ. ಪಪ್ಪನ ಮುಖ ಸ್ವಲ್ಪ ಇಳಿಯಿತು. ಹೇಗೆ ಗೊತ್ತಾಯಿತು ಮಗಾ ಎಂದು ಕೇಳಿದರು. ಮಾಂಯ್ ಓಡಿ ಬಂದು ವಿಲ್ಲಿಯನ್ನು ಎತ್ತಿಕೊಂಡು, ನೀವೇ ಅದನ್ನು ನೋಡುತ್ತ ನಿಂತರೆ ಮಗುವಿಗೆ ಗೊತ್ತಾಗದಾ ಎಂದಳು. ಪಪ್ಪ ಜೋರಾಗಿ ನಕ್ಕರು. ಅಷ್ಟು ಸಂತೋಷವಾಗಿ ಅವರು ನಕ್ಕದ್ದನ್ನು ನಾನು ಮತ್ತೆ ಕೇಳಲಿಲ್ಲ. ಅಜ್ಜಿ ಮಗಳ ಮುಖವನ್ನೇ ನೋಡುತ್ತ, ಊಟ ಮಾಡಿ ಹೋಗಿ ಎಂದಷ್ಟೇ ಹೇಳಿದಳು.

ಮಣಿಪಾಲಕ್ಕೆ ವಾಪಸು ಬಂದ ಸಂಜೆ ತೇರ್ಸ್ ಪ್ರಾರ್ಥನೆಗೆ ಮೊಣಕಾಲೂರಿದಾಗ ಮಾಂಯ್ ಜಪಮಾಲೆಯ ಮಣಿ ತಪ್ಪಿಸಿದಳು, ಒಂದೇ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳಿದಳು. ಡಾಕ್ಟರರು ಬರಲು ಇನ್ನೂ ಕೆಲವು ದಿನವಿತ್ತು. ಅಷ್ಟರಲ್ಲಿ ಹೇಗಾದರೂ ಮಾಡಿ ಆ ಬಾಗಿಲಿನ ಬಣ್ಣ ಬದಲಾಗಬೇಕು, ಬದಲಾಗುವುದು ಯಾಕೆಂದು ಪಪ್ಪನಿಗೆ ಗೊತ್ತಾಗಬಾರದು. ಇಂಥ ಕೆಲಸ ಯಾವ ಹೆಂಡತಿಯಿಂದಲೂ ಆಗುವಂಥದ್ದಲ್ಲ. ಊಟ ಬಡಿಸುತ್ತ ಅವಳು ಮೆಲ್ಲನೆ ಮಾತು ತೆಗೆದಳು.

“ಬಣ್ಣ ಸ್ವಲ್ಪ ಬೇರೆ ಕಾಣುತ್ತದಲ್ಲ. ಅವರು ಬರುವ ಮೊದಲು ಆ ಮೇಸ್ತ್ರಿಗೆ ಒಮ್ಮೆ ತೋರಿಸುವ.”

“ಬೇರೆ ಎಂತದ್ದು? ಬಿಸಿಲಿನಲ್ಲಿ ಹಿಡಿದು ನೋಡಿಯೇ ತಂದದ್ದು. ನಿನ್ನ ಕಣ್ಣು ಸರಿ ಉಂಟಾ?”

ಮಾಂಯ್ ಸೌಟನ್ನು ಪಾತ್ರೆಯಲ್ಲಿ ಇಟ್ಟಳು. ನನ್ನ ಕಣ್ಣೇ ಸರಿ ಇಲ್ಲವೋ ಏನೋ ಎಂದಳು. ಪಪ್ಪನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ತಾನು ಬೆವರು ಸುರಿಸಿ ಮಾಡಿದ್ದನ್ನು ಹೊಗಳಲು ಮನೆಯವರಿಗೆ ಬಾಯಿಲ್ಲ, ಹುಳುಕು ಹುಡುಕಲು ಮಾತ್ರ ಬರುತ್ತದೆ ಎಂದು ಊಟ ಅರ್ಧಕ್ಕೆ ಬಿಟ್ಟು ಎದ್ದರು. ಹೋಗಿ ಶೆಡ್ಡಿನಲ್ಲಿ ಕೂತರು. ಗೋಡೆಯಾಚೆ ಅವರು ಬಟ್ಟೆಯಲ್ಲಿ ಬಾಗಿಲು ಒರಸುವ ಸದ್ದು ಕೇಳುತ್ತಿತ್ತು. ನಾನು ಮಾಂಯ್ ಹತ್ತಿರ, ನೇರವಾಗಿ ಹೇಳಬಾರದಾ ಎಂದು ಕೇಳಿದೆ. ಹೇಳಿದ ಮೇಲೆ ಅವರು ನಾಳೆ ಯಾವ ಧೈರ್ಯದಲ್ಲಿ ಕಾರು ಹತ್ತುವುದು ಎಂದು ಅವಳು ತಿರುಗಿ ನನ್ನನ್ನೇ ಕೇಳಿದಳು.

ಡಾಕ್ಟರರು ಹೇಳಿದ ದಿನಕ್ಕಿಂತ ಮೊದಲೇ ಬಂದರು, ಉಡುಪಿಯಿಂದ ಟ್ಯಾಕ್ಸಿ ಮಾಡಿಕೊಂಡು. ಪಪ್ಪ ಅಂಗಳದಲ್ಲಿ ಕಾರು ತೊಳೆಯುತ್ತಿದ್ದರು. ಆ ಬಾಗಿಲು ಕಂಡು ಡಾಕ್ಟರರು ಮೊದಲು ನಕ್ಕರು. ಮಾಂಯ್ ಅಡುಗೆ ಕೋಣೆಯ ಬಾಗಿಲಲ್ಲಿ, ಅವಳ ಬೆನ್ನಿಗೆ ನಾನು.

“ಏನಾಯ್ತು ಲಾರೆನ್ಸ್? ಇದರ ಬಣ್ಣ ಎಲ್ಲೂ ಸಿಗಲಿಲ್ಲವೇ?”

“ಅದೇ ಬಣ್ಣ ಸರ್.”

ಡಾಕ್ಟರರ ನಗು ಅಲ್ಲೇ ನಿಂತಿತು. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಒಳಗೆ ಹೋಗಿ ಕಣ್ಣು ಪರೀಕ್ಷಿಸುವ ಒಂದು ತೆಳ್ಳನೆಯ ಪುಸ್ತಕ ತಂದು, ಪಪ್ಪನನ್ನು ಜಗಲಿಯ ಕುರ್ಚಿಯ ಮೇಲೆ ಕೂರಿಸಿದರು. ಆ ಕುರ್ಚಿಯಲ್ಲಿ ಪಪ್ಪ ಅದುವರೆಗೆ ಕೂತವರಲ್ಲ. ಪುಟದ ತುಂಬ ಬಣ್ಣಬಣ್ಣದ ಚುಕ್ಕೆಗಳು. ಇದರಲ್ಲಿ ಯಾವ ಅಂಕಿ ಕಾಣುತ್ತದೆ ಎಂದು ಕೇಳಿದರು. ಪಪ್ಪ ಪುಸ್ತಕವನ್ನು ಹತ್ತಿರ ತಂದರು, ದೂರ ಹಿಡಿದರು, ಬೆಳಕಿಗೆ ತಿರುಗಿಸಿದರು. ಚುಕ್ಕೆ ಉಂಟು ಸರ್ ಎಂದರು. ಪುಟ ತಿರುವಿದರೂ ಚುಕ್ಕೆಯೇ. ಡಾಕ್ಟರರ ಮಗಳು, ನನಗಿಂತ ಚಿಕ್ಕವಳು, ಅಪ್ಪನ ಭುಜದ ಮೇಲಿಂದ ಬಗ್ಗಿ ಆಟವಾಡಿದ ಹಾಗೆ ಪಟಪಟನೆ ಅಂಕಿಗಳನ್ನು ಹೇಳುತ್ತ ಹೋದಳು. ಅಂಕಿ ಚೆನ್ನಾಗಿ ಬರುತ್ತದೆಂದು ಹೆಮ್ಮೆಪಡುತ್ತಿದ್ದ ಮನುಷ್ಯ ಒಮ್ಮೆ ಆ ಹುಡುಗಿಯ ಬಾಯಿಯನ್ನು, ಒಮ್ಮೆ ಪುಟವನ್ನು ನೋಡುತ್ತಿದ್ದರು.

ಹುಟ್ಟಿನಿಂದಲೇ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣದ ಕಣ್ಣು, ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರರು ವಿವರಿಸಿದರು. ನಿಮ್ಮ ತಪ್ಪಲ್ಲ ಎಂದೂ ಹೇಳಿದರು. ಪಪ್ಪ ತಾನು ಇಷ್ಟು ವರ್ಷದಲ್ಲಿ ಒಂದು ನಾಯಿಗೂ ತಾಗಿಸಿಲ್ಲ ಎಂದರು. ಅದು ನಿಜವೆಂದು ಡಾಕ್ಟರರೂ ಒಪ್ಪಿದರು.

“ನನಗೆ ಗೊತ್ತು. ಆದರೆ ಗೊತ್ತಾದ ಮೇಲೆ ಡಾಕ್ಟರ್ ಆದವನು ನಾನು ಸುಮ್ಮನಿರೋದು ಹೇಗೆ? ನಾಳೆ ಬೆಂಗಳೂರಿಗೆ ಹೋದರೆ ಸಿಗ್ನಲ್ ಇರುತ್ತೆ. ಕೆಂಪು ಯಾವುದು, ಹಸಿರು ಯಾವುದು ಅಂತ ಹೇಗೆ ನೋಡ್ತೀರಿ?”

ಪಪ್ಪ ಸಿಗ್ನಲ್ಲನ್ನು ಕಂಡವರೇ ಅಲ್ಲ. ಅವರು ಓಡಿಸುತ್ತಿದ್ದ ದಾರಿಗಳಲ್ಲಿ ಅಂಥದ್ದೊಂದು ಇರಲಿಲ್ಲ. ಹಾಗಾಗಿ ಉತ್ತರ ಗೊತ್ತಿರಲಿಲ್ಲ. ಕಾರಿನ ಕೀಲಿಯನ್ನು ತಾವೇ ಜೇಬಿನಿಂದ ತೆಗೆದು ಜಗಲಿಯ ಕಟ್ಟೆಯ ಮೇಲಿಟ್ಟರು. ಹೊಸ ಡ್ರೈವರ್ ಸಿಕ್ಕುವವರೆಗೆ ಮನೆ ಬಿಡಬೇಕಾಗಿಲ್ಲ ಎಂದು ಡಾಕ್ಟರರ ಹೆಂಡತಿ ಒಳಗಿನಿಂದ ಬಂದು ಹೇಳಿದರು. ಕರುಣೆಯಿಂದಲೇ ಹೇಳಿದ್ದು. ಆ ಎರಡು ಕೋಣೆ ನಮ್ಮದಲ್ಲ, ಕೀಲಿಯದ್ದು ಎಂದು ನನಗೆ ಅರ್ಥವಾದದ್ದು ಆ ಮಾತಿನಿಂದ.

ಮನೆಯೊಳಗೆ ಬಂದು ಪಪ್ಪ ಮಂಚದ ಮೇಲೆ ಕೂತರು. ನೀರು ಕೊಟ್ಟರೆ ಕುಡಿಯಲಿಲ್ಲ. ಮಾಂಯ್ ಕಡೆಗೆ ನೋಡದೆ ಕೇಳಿದರು:

“ನಿನಗೆ ಯಾವಾಗಿನಿಂದ ಗೊತ್ತು?”

“ಮದುವೆಯ ದಿನದಿಂದ,” ಎಂದಳು ಮಾಂಯ್.

ನಮ್ಮವರಲ್ಲಿ ಮದುಮಗಳು ಉಡುವುದು ಸಾಡೊ ಎಂಬ ಕೆಂಪು ಸೀರೆ. ಅದು ಕಣ್ಣು ಕುಕ್ಕುವಷ್ಟು ಕೆಂಪು. ಇಗರ್ಜಿಯಿಂದ ಹೊರಗೆ ಬರುವಾಗ ಹೊಸ ಗಂಡ ಅವಳ ಕಿವಿಯಲ್ಲಿ, ನಿನ್ನ ಅಣ್ಣಂದಿರು ಮದುವೆಗೆ ಯಾಕೆ ಇಂಥ ಸಪ್ಪೆ ಸೀರೆ ಕೊಟ್ಟರು ಎಂದು ಕನಿಕರದಿಂದ ಕೇಳಿದರಂತೆ. ಅವಳಿಗೆ ಆವತ್ತೇ ತಿಳಿಯಿತು. ಆವತ್ತಿನಿಂದ ಬಾಯಿ ಮುಚ್ಚಿಕೊಂಡಳು. ಹೇಳಿದರೆ ನೀವು ಸ್ಟೇರಿಂಗ್ ಹಿಡಿಯುತ್ತಿರಲಿಲ್ಲ, ಹಿಡಿಯದಿದ್ದರೆ ಮಕ್ಕಳಿಗೆ ಉಣ್ಣಿಸುವುದು ಎಂತ ಎಂದು ಅಳತೊಡಗಿದಳು. ಪಪ್ಪನಿಗೆ ಅವಳ ಅಳು ಕೇಳಿಸಿತೋ ಇಲ್ಲವೋ.

“ಹಾಗಾದರೆ ಇಷ್ಟು ವರ್ಷ ನಾನು ಕಂಡದ್ದು ಎಂತ?” ಎಂದರು.

ಕೆಲಸ ಹೋದ ದುಃಖ ಅವರಿಗೆ ಆಮೇಲೆ ಬಂತು. ಮೊದಲು ಬಂದದ್ದು ಇದು: ಮೆಣಸು, ಟೊಮೆಟೊ, ಕ್ರಿಸ್ಮಸ್ಸಿನ ಸೀರೆ, ನಾವೆಲ್ಲ ನಕ್ಕ ನಗು, ಎಲ್ಲವನ್ನೂ ಅವರು ಒಂದೊಂದಾಗಿ ಹಿಂದಕ್ಕೆ ಹೋಗಿ ನೋಡುತ್ತಿದ್ದರೆಂದು ಕಾಣುತ್ತದೆ. ಪ್ರೀತಿಯ ಹೆಸರಿನಲ್ಲಿ ಯಾರಾದರೂ ನನ್ನಿಂದ ಏನನ್ನಾದರೂ ಮುಚ್ಚಿಟ್ಟರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನನ್ನ ಗಂಡ, ಮಕ್ಕಳು ಇದನ್ನು ನನ್ನ ಕೆಟ್ಟ ಗುಣ ಎನ್ನುತ್ತಾರೆ. ಇರಬಹುದು. ಅದು ಆ ಕೋಣೆಯಲ್ಲಿ ಹುಟ್ಟಿದ ಗುಣ.

ಮಳೆಗಾಲದ ಮೊದಲು ನಾವು ಕಾರ್ಕಳಕ್ಕೆ ಹೋದೆವು, ಮಾಂಯ್‌ಯ ಅಣ್ಣನ ಬೇಕರಿಯ ಹಿಂದಿನ ಕೋಣೆಗೆ. ಹೊರಡುವ ವಾರ ಡಾಕ್ಟರರು ಕಾರನ್ನು ಅದೇ ಮೇಸ್ತ್ರಿಯ ಗ್ಯಾರೇಜಿಗೆ ಕಳುಹಿಸಿ ಒಂದು ಬದಿಯನ್ನು ಇಡೀ ಹೊಡೆಸಿದರು. ಖರ್ಚೆಷ್ಟು ಎಂದು ಕೇಳಿದ ಹಾಗೂ ಕಾಣಲಿಲ್ಲ. ಕಾರ್ಕಳದಲ್ಲಿ ಪಪ್ಪ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಅಂಗಡಿ ಅಂಗಡಿಗೆ ಬ್ರೆಡ್ಡು, ಬನ್ನು ಹಾಕುತ್ತಿದ್ದರು. ಬನ್ನು ಕೆಂಪಾಗಿದೆಯಾ ನೋಡು ಎಂದು ಒಲೆಯ ಹತ್ತಿರದ ಯಾರಾದರೂ ಮರೆತು ಹೇಳಿದರೆ ಹೊರಗೆ ಹೋಗಿ ನಿಲ್ಲುವರು. ಊಟಕ್ಕೆ ಕೂತರೆ ಬಟ್ಟಲು ತೋರಿಸಿ, ಇದು ಎಂತ ಬಣ್ಣ ಎಂದು ನನ್ನನ್ನು ಕೇಳುವರು. ನಾನು ಹೇಳಿದರೆ ತಲೆಯಾಡಿಸಿ ಉಣ್ಣುವರು. ಮಾಂಯ್‌ಯನ್ನು ಮಾತ್ರ ಎಂದೂ ಕೇಳಲಿಲ್ಲ. ಅವಳು ಬಡಿಸುವಳು, ಅವರು ನನ್ನನ್ನು ಕೇಳುವರು. ಹಾಗೆಯೇ ವರ್ಷಗಳು ಹೋದವು.

ನನಗೆ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿದಾಗ ಪಪ್ಪ ನನ್ನ ಜೊತೆ ಮಂಗಳೂರಿಗೆ ಬಂದರು. ಸಿಟಿ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಒಂದು ದೊಡ್ಡ ಸರ್ಕಲ್ಲಿನಲ್ಲಿ ಬಸ್ಸು ನಿಂತಿತು. ಎದುರಿಗೆ ಮಂಗಳೂರಿಗೆ ಹೊಸದಾಗಿ ಬಂದ ಸಿಗ್ನಲ್ಲು, ಕಂಬದ ಮೇಲೆ ಒಂದರ ಕೆಳಗೆ ಒಂದು ಮೂರು ದೀಪ. ಪಪ್ಪ ಸೀಟಿನ ತುದಿಗೆ ಬಂದು ಕಂಬಿ ಹಿಡಿದು ನೋಡಿದರು. ಎಲ್ಲ ಗಾಡಿಗಳು ನಿಂತಿದ್ದವು. ಸ್ವಲ್ಪ ಹೊತ್ತಿಗೆ ದೀಪ ಬದಲಾಯಿತು, ಗಾಡಿಗಳು ಹೊರಟವು, ನಮ್ಮ ಬಸ್ಸೂ ಹೊರಟಿತು. ಪಪ್ಪ ಹಿಂದಕ್ಕೆ ತಿರುಗಿ ಅದು ಮರೆಯಾಗುವವರೆಗೂ ನೋಡಿದರು.

“ಮೇಲಿನದ್ದು ಹೊತ್ತಿದರೆ ನಿಲ್ಲುವುದು. ಕೆಳಗಿನದ್ದು ಹೊತ್ತಿದರೆ ಹೋಗುವುದು,” ಎಂದರು. “ಅಷ್ಟೇಯಾ?”

ನಾನು ಹೌದು ಎಂದೆ.

ಇಳಿಯುವ ಜಾಗ ಬರುವವರೆಗೂ ಅವರ ಬಲಗಾಲು, ಮುಂದಿನ ಡ್ರೈವರ್ ಬ್ರೇಕು ಒತ್ತಿದಾಗಲೆಲ್ಲ, ಬಸ್ಸಿನ ಹಲಗೆಯನ್ನು ಒತ್ತುತ್ತಿತ್ತು.